ಉಡಿಯಲ್ಲಿ ಹೋದ ಪೆನ್‌ಡ್ರೈವ್

ಇವತ್ತು ಬೆಳಿಗ್ಗೆ ಹಾಲು ಕಾಯಲಿಟ್ಟು ಫೋನ್ ಕೈಗೆತ್ತಿಕೊಂಡರೆ, 'ಸ್ಟೋರೇಜ್ ತುಂಬಿದೆ, ಜಾಗ ಮಾಡಿ' ಎಂದು ಅದು ನನಗೆ ಅಪ್ಪಣೆ ಕೊಟ್ಟಿತು. ನಿಮ್ಮ ಫೋನೂ ಒಂದಲ್ಲ ಒಂದು ದಿನ ನಿಮಗೆ ಹೀಗೆ ಅಪ್ಪಣೆ ಕೊಟ್ಟಿರುತ್ತದೆ. ಮನೆ ತುಂಬ ನೆಂಟರು ಬಂದರೂ ಹಾಸಿಗೆ ಹೊಂದಿಸಿ ಎಲ್ಲರನ್ನೂ ಮಲಗಿಸುವ ನಾವು, ಈ ಅಂಗೈ ಅಗಲದ ಡಬ್ಬಿಯ ಮುಂದೆ ಮಾತ್ರ ಕೈಚೆಲ್ಲಿ ಕೂಡುತ್ತೇವೆ. ಅದರಲ್ಲೂ ನಾನು ಊರ ಮಕ್ಕಳಿಗೆಲ್ಲ ಕಂಪ್ಯೂಟರ್ ಕಲಿಸಿ ಹೊಟ್ಟೆ ಹೊರೆದುಕೊಂಡವಳು. ನನ್ನ ಫೋನೇ ತುಂಬಿದೆ ಎಂದರೆ ಹಲ್ಲಿನ ಡಾಕ್ಟರಿಗೆ ಹಲ್ಲುನೋವು ಬಂದ ಹಾಗೆ, ಹೊರಗೆ ಹೇಳಿಕೊಳ್ಳುವಂತಿಲ್ಲ.

ಫೋಟೋಗಳನ್ನು ಬೇರೆ ಕಡೆ ಸಾಗಿಸೋಣವೆಂದು ಪೆನ್‌ಡ್ರೈವ್ ಹುಡುಕುತ್ತ ಮೇಜಿನ ಖಾನೆ ಎಳೆದೆ. ಯಾವ ಬೀಗದ್ದೋ ತಿಳಿಯದ ಕೀಲಿಕೈಗಳು, ಶಾಯಿ ಒಣಗಿದ ಪೆನ್ನುಗಳು, ಔಷಧದ ಖಾಲಿ ಹಾಳೆಗಳು. ಅವುಗಳ ಅಡಿಯಲ್ಲಿ ಸಿಕ್ಕಿತು ಕಂದು ಬಣ್ಣದ ಒಂದು ಪುಟ್ಟ ಪೆನ್‌ಡ್ರೈವ್. ಅದರ ಸಂದಿಯಲ್ಲಿ ಇನ್ನೂ ಅರಿಸಿನ ಕೂತಿದೆ. ಮೂಗಿನ ಹತ್ತಿರ ಹಿಡಿದರೆ ಬೆಲ್ಲದ ವಾಸನೆ ಬರುತ್ತದೆ, ಅಥವಾ ಬರುತ್ತದೆಂದು ನನಗೆ ಅನಿಸುತ್ತದೆ. ಇದು ಕೆಲಸ ಮಾಡುವುದು ನಿಂತು ಎಷ್ಟೋ ವರ್ಷವಾಯಿತು. ಕೆಲಸ ಮಾಡದ ಪೆನ್‌ಡ್ರೈವನ್ನು ಯಾರಾದರೂ ಜೋಪಾನ ಮಾಡುತ್ತಾರೆಯೇ ಎಂದು ನೀವು ಕೇಳಬಹುದು. ಕೂತುಕೊಳ್ಳಿ, ಹೇಳುತ್ತೇನೆ. ಹಾಲು ಹೇಗೂ ಉಕ್ಕಿಹೋಗಿದೆ.

ಆಗ ನಾನು ಡಿಪ್ಲೊಮಾ ಮುಗಿಸಿ ಜಮಖಂಡಿಯ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಬನಹಟ್ಟಿಯಲ್ಲಿದ್ದ ನೀಲವ್ವತ್ತೆ, ಎಂದರೆ ನನ್ನ ತಂದೆಯ ಅಕ್ಕ, ತನ್ನ ಮನೆಯ ಪಡಸಾಲೆಯನ್ನು ಕಂಪ್ಯೂಟರ್ ಕ್ಲಾಸಿಗೆ ಬಿಟ್ಟುಕೊಡುವುದಾಗಿ ಹೇಳಿ ಕಳಿಸಿದಳು. ಮಾನಿಟರ್‌ಗಳು ಬೆನ್ನ ಹಿಂದೆ ಗೂನು ಹೊತ್ತುಕೊಂಡಿದ್ದ ಕಾಲ ಅದು. ಅಂಥ ಮೂರು ಹಳೆಯ ಕಂಪ್ಯೂಟರ್‌ಗಳನ್ನು ಟೆಂಪೋದಲ್ಲಿ ಹೇರಿಕೊಂಡು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ, ಅವು ಹಚ್ಚಿದ ಹಾಡುಗಳನ್ನೆಲ್ಲ ದಾರಿಯುದ್ದಕ್ಕೂ ಕೇಳುತ್ತ ಬನಹಟ್ಟಿ ಮುಟ್ಟಿದೆ.

"ಬಾಡಿಗಿ ಬ್ಯಾಡ," ಎಂದಳು ಅತ್ತೆ, ಕಂಪ್ಯೂಟರುಗಳಿಗೆ ವಿಭೂತಿ ಹಚ್ಚುತ್ತ. "ಆದ್ರ ನನಗೂ ಕಲಸಬೇಕು. ಎಲ್ಲಾರ ಜೋಡಿ, ಮುಂದಿನ ಸಾಲಿನ್ಯಾಗ."

ಐವತ್ತು ದಾಟಿದವಳು, ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ವಾದದಲ್ಲಿ ಮಾತ್ರ ವಕೀಲರಿಗೂ ಸೋಲದವಳು. ಬಾಡಿಗೆ ಕೊಟ್ಟಿದ್ದರೇ ಅಗ್ಗವಾಗುತ್ತಿತ್ತು ಎಂದು ಒಂದು ವಾರದಲ್ಲಿ ನನಗೆ ಗೊತ್ತಾಯಿತು. ಬೇರೆ ವಿದ್ಯಾರ್ಥಿಗಳಿಗೆ ಕೇಳಿದ ಪ್ರಶ್ನೆಗೂ ಅವಳೇ ಉತ್ತರ ಕೊಡುತ್ತಿದ್ದಳು. ಉತ್ತರ ತಪ್ಪಿದ್ದರೆ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತಿದ್ದಳು. ಪಡಸಾಲೆಯ ಹಿಂದೆಯೇ ಮಾವನ ಪವರ್‌ಲೂಮುಗಳು ಖಟಖಟ ಖಟಖಟ ಎನ್ನುತ್ತಿದ್ದುದರಿಂದ ನಾನು ಪಾಠವನ್ನು ಕೂಗಿಯೇ ಹೇಳಬೇಕಿತ್ತು. ಆ ಚಾಳಿ ಇನ್ನೂ ಹೋಗಿಲ್ಲ. ಈಗಲೂ ನಾನು ಫೋನಿನಲ್ಲಿ ಮಾತಾಡಿದರೆ, ಆ ಕಡೆಯವರಿಗೆ ಫೋನಿಲ್ಲದೆಯೇ ಕೇಳಿಸುತ್ತದೆಂದು ಮನೆಯವರು ಆಡಿಕೊಳ್ಳುತ್ತಾರೆ.

ಮೊದಲ ಪಾಠ ಬಿಟ್. ಕಂಪ್ಯೂಟರಿಗೆ ತಿಳಿಯುವುದು ಎರಡೇ ಸಂಗತಿ, ಒಂದು ಅಥವಾ ಸೊನ್ನೆ, ಇದೆ ಅಥವಾ ಇಲ್ಲ, ಅದರ ಒಂದೊಂದು ತುಣುಕಿಗೆ ಬಿಟ್ ಎನ್ನುತ್ತಾರೆ ಎಂದು ನಾನು ಕೂಗಿದೆ. ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಅತ್ತೆ ಎದ್ದು ಒಳಗೆ ಹೋಗಿ, ಮಗ್ಗಕ್ಕೆ ಹಾಕುವ ತೂತು ಹೊಡೆದ ರಟ್ಟಿನ ಪಟ್ಟಿಯೊಂದನ್ನು ತಂದು ಎಲ್ಲರ ಮುಂದೆ ಹಿಡಿದಳು.

"ಇಲ್ಲಿ ತೂತ ಐತಿ, ಎಳಿ ಏಳತೈತಿ. ಇಲ್ಲಿ ತೂತ ಇಲ್ಲ, ಎಳಿ ಬೀಳತೈತಿ. ಇಷ್ಟಾ ಅಲ್ಲೇನ ನೀ ಹೇಳೂದು? ಇದಕ್ಕ ಯಾಕ ಅಷ್ಟ ಒದರತಿ?"

ನಿಜಕ್ಕೂ ಅಷ್ಟೇ. ಸೀರೆಯ ದಡಿಯಲ್ಲಿ ಹೂವು ಮೂಡುವುದು ಯಾವ ಎಳೆ ಏಳಬೇಕು, ಯಾವುದು ಬೀಳಬೇಕು ಎಂಬ ಲೆಕ್ಕದಿಂದ. ರಟ್ಟಿನ ಒಂದು ತೂತು ಎಂದರೆ ಒಂದು ಬಿಟ್. ಹಿಂದಿನ ಕಾಲದಲ್ಲಿ ಲೆಕ್ಕದ ಯಂತ್ರಗಳಿಗೂ ಇಂಥವೇ ರಟ್ಟುಗಳನ್ನು ಉಣಿಸುತ್ತಿದ್ದರು ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ಅಂದಿನಿಂದ ಅತ್ತೆ ಓಣಿಯ ತುಂಬ, "ಕಂಪ್ಯೂಟರ್ ಹುಟ್ಟಿದ್ದ ನಮ್ಮ ನೇಕಾರರ ಮನ್ಯಾಗ, ಆಮ್ಯಾಲೆ ಬ್ಯಾರೇದವರು ದತ್ತಕ ತಗೊಂಡ್ರು," ಎಂದು ಸಾರಿದಳು. ತಿದ್ದಲು ಹೋಗಿ ಪ್ರಯೋಜನವಿರಲಿಲ್ಲ.

ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟಿನಲ್ಲಿ ಕೂಡುತ್ತದೆ, ಕನ್ನಡದ ಅಕ್ಷರಕ್ಕೆ ಹೆಚ್ಚು ಬೈಟು ಬೇಕು ಎಂದೆ. "ಬೇಕಲ್ಲ ಮತ್ತ! ನಮ್ಮ ಅಕ್ಷರ ದುಂಡಗ, ಉಂಡು ತಿಂದು ಬೆಳದಾವು," ಎಂದಳು. ಕಾರಣ ಅದಲ್ಲ. ಇಂಗ್ಲಿಷಿನ ಅಕ್ಷರಗಳಿಗೆ ಮೊದಲೇ ಮುಂದಿನ ಬೆಂಚು ಸಿಕ್ಕಿತ್ತು, ಲೋಕದ ಮಿಕ್ಕ ಲಿಪಿಗಳು ತಡವಾಗಿ ಬಂದು ಹಿಂದೆ ಕೂತವು, ಅವುಗಳ ಗುರುತು ಉದ್ದವಾಯಿತು. ಆದರೆ ಅತ್ತೆಯ ಕಾರಣ ಕೇಳಿದ ಮೇಲೆ ನನ್ನದು ಹೇಳಲು ನನಗೇ ಮನಸ್ಸಾಗಲಿಲ್ಲ.

ಕೆಬಿ, ಎಂಬಿ, ಜಿಬಿ ಬಂದಾಗ ದೊಡ್ಡ ಜಗಳವೇ ಆಯಿತು. ಸಾವಿರದ ಇಪ್ಪತ್ತನಾಲ್ಕು ಬೈಟಿಗೆ ಒಂದು ಕೆಬಿ, ಅಷ್ಟೇ ಕೆಬಿಗೆ ಒಂದು ಎಂಬಿ, ಅಷ್ಟೇ ಎಂಬಿಗೆ ಒಂದು ಜಿಬಿ. ಸಾವಿರ ಸರಿ, ಈ ಇಪ್ಪತ್ತನಾಲ್ಕು ಎಲ್ಲಿಂದ ಬಂತು? ಎರಡನ್ನು ದುಪ್ಪಟ್ಟು, ದುಪ್ಪಟ್ಟು ಮಾಡುತ್ತ ಹೋದರೆ ಸಾವಿರದ ಹತ್ತಿರ ಸಿಗುವುದು ಅದೇ ಅಂಕಿ ಎಂದು ನಾನು ಹಲಗೆಯ ಮೇಲೆ ಬರೆದು ತೋರಿಸುವ ಮೊದಲೇ ಅತ್ತೆ ತೀರ್ಪು ಕೊಟ್ಟಳು: "ಅದು ಕೊಸರು. ಸಂತ್ಯಾಗ ಬದನಿಕಾಯಿ ತೂಗಿ ಮ್ಯಾಲೊಂದು ಹಾಕತಾರಲ್ಲ, ಹಂಗ." ಮುಂದೆ ಅವಳು ಒಂದು ಪೆನ್‌ಡ್ರೈವ್ ಕೊಂಡಾಗ, ಮೇಲೆ ಬರೆದದ್ದಕ್ಕಿಂತ ಒಳಗೆ ಜಾಗ ಕಡಿಮೆ ತೋರಿಸಿತು. ಮಾರುವವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಕಂಪ್ಯೂಟರು ಕೊಸರು ಸೇರಿಸಿ ಎಣಿಸುತ್ತದೆ, ಅದಕ್ಕೇ ಈ ವ್ಯತ್ಯಾಸ. "ಕೊಸರು ಕೊಡದ ಅಂಗಡಿ," ಎಂದು ಅತ್ತೆ ಆ ಕಡೆ ಮತ್ತೆ ತಲೆಹಾಕಲಿಲ್ಲ.

ರ್‍ಯಾಮ್ ಮತ್ತು ಹಾರ್ಡ್‌ಡಿಸ್ಕುಗಳ ವ್ಯತ್ಯಾಸವನ್ನು ಮಾತ್ರ ನಾನು ಕಲಿಸಲಿಲ್ಲ, ಕರೆಂಟು ಕಲಿಸಿತು. ಒಂದು ಮಧ್ಯಾಹ್ನ ಅತ್ತೆ ಉಣ್ಣುವುದನ್ನೂ ಬಿಟ್ಟು ಪೇಂಟಿನಲ್ಲಿ ನವಿಲು ಬರೆದಳು. ಪೇಂಟ್ ಎಂದರೆ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಹಲಗೆ. ನವಿಲಿಗೆ ಕೊನೆಯ ಗರಿ ಹಚ್ಚುವ ಹೊತ್ತಿಗೆ ಹಿಂದಿನ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಕರೆಂಟು ಮರಳಿ ಬಂದಾಗ ನವಿಲಿರಲಿಲ್ಲ. ಪರದೆಯ ಮೇಲೆ ನಾವು ಮಾಡುತ್ತಿರುವ ಕೆಲಸವೆಲ್ಲ ರ್‍ಯಾಮಿನಲ್ಲಿರುತ್ತದೆ, ಕರೆಂಟು ಇರುವಷ್ಟು ಹೊತ್ತು ಮಾತ್ರ ಅದಕ್ಕೆ ನೆನಪು. ಸೇವ್ ಎಂದು ಒತ್ತಿದರಷ್ಟೇ ಅದು ಹಾರ್ಡ್‌ಡಿಸ್ಕಿಗೆ ಹೋಗಿ ಉಳಿಯುತ್ತದೆ. ಅತ್ತೆ ಎದ್ದು ಹೋಗಿ ಉಂಡು ಬಂದಳು. "ತಿಳೀತು," ಎಂದಳು. "ಮಗ್ಗದ ಮ್ಯಾಲಿದ್ದದ್ದು ನಮ್ಮದಲ್ಲ, ಮಡಚಿ ಟ್ರಂಕಿನ್ಯಾಗ ಇಟ್ಟದ್ದು ನಮ್ಮದು." ಆ ಮೇಲೆ ಅವಳು ಒಂದು ಗೆರೆ ಎಳೆದರೂ ಸೇವ್ ಒತ್ತುತ್ತಿದ್ದಳು. ಏನೂ ಎಳೆಯದಿದ್ದಾಗಲೂ ಒತ್ತುತ್ತಿದ್ದಳು.

ಇಷ್ಟೆಲ್ಲ ಕಲಿಯುವ ಹಟ ಅವಳಿಗೆ ಯಾಕೆ ಎಂದು ನನಗೆ ಮೊದಮೊದಲು ಹೊಳೆದಿರಲಿಲ್ಲ. ಹಟದ ಹೆಸರು ಗಿಣಿ ದಡಿ. ನಮ್ಮ ಆಯಿ, ಎಂದರೆ ಅತ್ತೆಯ ತಾಯಿ, ಕೈಮಗ್ಗದಲ್ಲಿ ನೇಯುತ್ತಿದ್ದ ಸೀರೆಯ ಅಂಚು ಅದು. ಎದುರುಬದುರು ಕೂತ ಜೋಡಿ ಗಿಳಿ, ನಡುವೆ ಒಂದು ಮಾವಿನಕಾಯಿ, ಪ್ರತಿ ಗಿಳಿಗೂ ಒಂದೇ ಎಳೆಯ ಕಣ್ಣು. ಆ ದಡಿಯ ರಟ್ಟುಗಳಲ್ಲಿ ಇಲಿ ತಿಂದು ಉಳಿದದ್ದು ಯಾವತ್ತೋ ಬಚ್ಚಲ ಒಲೆಗೆ ಹೋಗಿತ್ತು. ಉಳಿದದ್ದು ಆಯಿಯ ಒಂದು ಸೀರೆ, ಅದೂ ಮುಟ್ಟಿದರೆ ಹರಿಯುವಷ್ಟು ಹಳೆಯದು.

ಅತ್ತೆಯ ಮಗಳು ಸುನಂದಾಗೆ ಆಗ ಮಹಾಲಿಂಗಪುರದಲ್ಲಿ ಸಂಬಂಧ ಗೊತ್ತಾಗಿತ್ತು. ಅವರೂ ನೇಕಾರರೇ. ರಟ್ಟಿನ ಬದಲು ಪೆನ್‌ಡ್ರೈವಿನಿಂದ ಡಿಸೈನ್ ಓದುವ ಹೊಸ ಯಂತ್ರವನ್ನು ಮಗ್ಗದ ಮೇಲೆ ಕೂಡಿಸಿದ್ದರು. ಡಿಸೈನ್ ಬರೆಯುವವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಸುನಂದಾ ನಮ್ಮ ಕ್ಲಾಸಿನಲ್ಲೇ ಕಲಿತವಳು, ತಾಯಿಗಿಂತ ಜಾಣೆ, ತಾಯಿ ಮಾತಾಡುವುದರ ಹತ್ತರಲ್ಲಿ ಒಂದು ಪಾಲೂ ಮಾತಾಡದವಳು. ನಿಶ್ಚಯದ ದಿನ ಮಾವನಾಗುವವರು, "ನಮ್ಮ ಮನ್ಯಾಗ ಬಂದ ಸೊಸ್ತೇರು ಕಂಡಿಕಿ ಸುತ್ತತಾರವಾ, ನಿನಗ ಬರತೈತೇನು?" ಎಂದು ಕೇಳಿದರು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂಡುವ ನೂಲಿನ ಕಡ್ಡಿ. ಅದನ್ನು ಸುತ್ತುವ ಕೆಲಸ ಮುಗಿಯುವುದೆಂಬುದೇ ಇಲ್ಲ. ಸುನಂದಾ ತಲೆ ಎತ್ತಿ, "ಬರತೈತ್ರಿ. ಡಿಸೈನೂ ಬರತೈತ್ರಿ. ನಮ್ಮ ಆಯಿ ದಡಿ ತರತೇನಿ, ನಿಮ್ಮ ಮಗ್ಗದಾಗ ಹಾಕಿ ನೋಡ್ರಿ," ಎಂದಳು. ಅವರು ಮೀಸೆಯಲ್ಲೇ ನಕ್ಕರು. "ಆತು. ದಡಿ ಛಲೋ ಬಂತಂದ್ರ ಆ ಕಂಪ್ಯೂಟರ್ ನಿಂದ. ಬರಲಿಲ್ಲಂದ್ರ ಕಂಡಿಕಿ ಅಂತೂ ಅದಾವಲ್ಲ."

ಹೀಗೆ ಆ ಹುಡುಗಿ ಮುಂದೆ ಜೀವನವೆಲ್ಲ ಎಲ್ಲಿ ಕೂಡಬೇಕು ಎಂಬುದು ಎರಡು ಗಿಳಿಗಳ ಮೇಲೆ ನಿಂತಿತು.

ಮಳೆಗಾಲದಲ್ಲಿ ಶುರುವಾದ ಕೆಲಸ ದೀಪಾವಳಿಯ ತನಕ ನಡೆಯಿತು. ಸುನಂದಾ ಸೀರೆಯನ್ನು ತೊಡೆಯ ಮೇಲೆ ಹಾಸಿಕೊಂಡು, ಕೈಯಲ್ಲಿ ಭೂತಗನ್ನಡಿ ಹಿಡಿದು, ಸೂಜಿಯ ತುದಿಯಿಂದ ಒಂದೊಂದೇ ಎಳೆ ಸರಿಸುತ್ತ, "ಎದ್ದೈತಿ... ಎದ್ದೈತಿ... ಬಿದ್ದೈತಿ..." ಎನ್ನುತ್ತಿದ್ದಳು. ಅತ್ತೆ ಪೇಂಟನ್ನು ದೊಡ್ಡದು ಮಾಡಿಕೊಂಡು, ಎದ್ದದ್ದಕ್ಕೆ ಒಂದು ಕಪ್ಪು ಚೌಕ, ಬಿದ್ದದ್ದಕ್ಕೆ ಬಿಳಿ ಚೌಕ ಬಿಡುತ್ತಿದ್ದಳು. ಪರದೆಯ ಮೇಲಿನ ಚಿತ್ರವೆಲ್ಲ ಇಂಥ ಪುಟ್ಟ ಚೌಕಗಳಿಂದಲೇ ಆದದ್ದು, ಅವಕ್ಕೆ ಪಿಕ್ಸೆಲ್ ಎನ್ನುತ್ತಾರೆ ಎಂದು ನಾನು ಬೇರೆ ವಿದ್ಯಾರ್ಥಿಗಳಿಗೆ ಅವರನ್ನೇ ತೋರಿಸಿ ಹೇಳುತ್ತಿದ್ದೆ. ಹಿಂದೆ ಮಗ್ಗಗಳ ಖಟಖಟ, ಮುಂದೆ ಇವರ ಎದ್ದೈತಿ ಬಿದ್ದೈತಿ. ಆ ದನಿ ಈಗಲೂ ಒಮ್ಮೊಮ್ಮೆ ಕಿವಿಯಲ್ಲಿ ಬರುತ್ತದೆ, ಬಂದಾಗ ಸುಖವಾಗುತ್ತದೆ.

ಚಿತ್ರ ಮುಗಿದ ದಿನ ಅತ್ತೆ ಓಣಿಗೆಲ್ಲ ಪೇಢೆ ಹಂಚಿದಳು. ಒಂದು ಪ್ರತಿಯನ್ನು ಬೇರೆ ಕಡೆ ಇಡೋಣ, ಅದಕ್ಕೆ ಬ್ಯಾಕಪ್ ಎನ್ನುತ್ತಾರೆ ಎಂದು ನಾನು ಹೇಳಿದರೆ ಸುತರಾಂ ಒಪ್ಪಲಿಲ್ಲ. "ಇಂದ ನಿನ್ನ ಕಡೆ, ನಾಳಿ ಇನ್ನೊಬ್ಬಾಕಿ ಕಡೆ, ನಾಡದ ರಬಕವಿ ಸಂತ್ಯಾಗ!" ದಡಿ ಕದಿಯುವವರ ಭಯ ನೇಕಾರರಿಗೆ ಹೊಸದಲ್ಲ. ಇನ್ನು ಸೀರೆಯ ಕೆಲಸ ಮುಗಿಯಿತೆಂದು ಅದನ್ನು ಕತ್ತರಿಸಿ, ಬೇರೆ ಹಳೆಯ ಸೀರೆಗಳ ಜೊತೆ ಸೇರಿಸಿ ಮಗಳಿಗೆ ಕೌದಿ ಹೊಲಿದಳು. ಗಿಳಿಗಳೆಲ್ಲ ಮುಕ್ಕೋನ ಮುಕ್ಕೋನವಾಗಿ ಕೌದಿಯ ಅಂಚಿಗೆ ಹೋದವು, ಒಂದರ ಕೊಕ್ಕು ಇಲ್ಲಿ, ಇನ್ನೊಂದರ ಬಾಲ ಅಲ್ಲಿ. "ಹೆದರಬ್ಯಾಡ, ಕಂಪ್ಯೂಟರ್‌ನ್ಯಾಗ ಐತೆಲ್ಲ," ಎಂದು ನನಗೇ ಧೈರ್ಯ ಹೇಳಿದಳು.

ಮದುವೆ ಜೋರಾಗಿಯೇ ಆಯಿತು. ನಮ್ಮ ಕಡೆ ಹಲವು ಮನೆಗಳಲ್ಲಿರುವಂತೆ ಅಲ್ಲಿಯೂ ಸೊಸೆಗೆ ಹೊಸ ಹೆಸರಿಟ್ಟರು. ಸುನಂದಾ ಅಂದಿನಿಂದ ಶ್ರೀದೇವಿ. ಅತ್ತೆ ಅದನ್ನು ನಗುನಗುತ್ತಲೇ ಒಪ್ಪಿಕೊಂಡಳು, ಆದರೆ ಮದುವೆಯಾದ ಮೂರ್ನಾಲ್ಕು ದಿನಕ್ಕೆ ನಾನು ಮತ್ತೆ ಕ್ಲಾಸು ತೆರೆದಾಗ ಸುಮ್ಮನೆ ಬಂದು ಪಕ್ಕದಲ್ಲಿ ಕೂತಳು.

"ತಂಗೀ, ಫೈಲಿನ ಹೆಸರ ಬದಲಿ ಮಾಡ್ತೀವಲ್ಲ, ರಿನೇಮ್. ಆವಾಗ ಒಳಗಿಂದೂ ಬದಲಿ ಆಗತೈತೇನು?"

"ಇಲ್ಲತ್ತಿ. ಹೆಸರ ಅಷ್ಟ. ಒಳಗಿಂದು ಇದ್ದಂಗ ಇರತೈತಿ."

"ಹಂಗಾದ್ರ ಛಲೋ," ಎಂದು ಎದ್ದು ಹೋದಳು.

ಆಗಲೇ ನನಗೆ ಇನ್ನೊಂದು ಸಂಗತಿ ಗೊತ್ತಾದದ್ದು. ಗಿಣಿ ದಡಿಯ ಫೈಲು ಕಂಪ್ಯೂಟರಿನಲ್ಲಿ ಇರಲಿಲ್ಲ. ಕೇಳಿದರೆ, ಮದುವೆಯ ದಿನ ಬೆಳಿಗ್ಗೆ ತಾನೇ ಪೆನ್‌ಡ್ರೈವಿಗೆ ಹಾಕಿದೆ ಎಂದಳು. ನಿಮಗೆ ಗೊತ್ತಿರುತ್ತದೆ, ಒಂದು ಫೈಲನ್ನು ಬೇರೆ ಕಡೆ ಕೊಡಲು ಎರಡು ದಾರಿ. ಕಾಪಿ ಎಂದರೆ ಅಲ್ಲಿಯೂ ಒಂದು, ಇಲ್ಲಿಯೂ ಒಂದು. ಕಟ್ ಎಂದರೆ ಇಲ್ಲಿಂದ ಎತ್ತಿ ಅಲ್ಲಿಡುವುದು, ಇಲ್ಲಿ ಏನೂ ಉಳಿಯುವುದಿಲ್ಲ. ಅತ್ತೆ ಕಟ್ ಮಾಡಿದ್ದಳು. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ.

"ಕಾಪಿ ಮಾಡೂದಿಲ್ಲೇನ ಅತ್ತಿ?"

"ಕೊಟ್ಟ ಮ್ಯಾಲೆ ಇಟ್ಕೊಂಡ್ರ ಅದು ಕೊಟ್ಟಂಗ ಹೆಂಗ ಆತು? ಸೀರಿ ಉಡುಗೊರಿ ಕೊಟ್ಟು ಸೆರಗ ಹಿಡಕೊಂಡ ನಿಂದರತಾರೇನು?"

ಅದು ಅವರ ವೃತ್ತಿಯ ಮರ್ಯಾದೆ. ಒಬ್ಬರಿಗೆ ದಡಿ ಕೊಟ್ಟರೆ ರಟ್ಟಿನ ಕಟ್ಟು ಪೂರ್ತಿ ಕೊಡಬೇಕು. ಕದ್ದು ಒಂದು ಜೋಡಿ ಮನೆಯಲ್ಲಿಟ್ಟುಕೊಳ್ಳುವುದು ಮೋಸ. ಮಗಳ ವಿಷಯದಲ್ಲೂ ಅವಳದು ಇದೇ ಕಾನೂನು. ಕೊಟ್ಟ ಹೆಣ್ಣಿನ ಮನೆಗೆ ಕರೆಯದೆ ಹೋಗಬಾರದು, ದಿನಾ ಫೋನ್ ಮಾಡಬಾರದು. ಫೋನಿನ ಹತ್ತಿರ ಓಡಾಡುತ್ತಿದ್ದಳೇ ಹೊರತು ಮುಟ್ಟುತ್ತಿರಲಿಲ್ಲ.

ಇನ್ನೂ ಒಂದು ರೂಢಿ ಆ ಮನೆಯಲ್ಲಿತ್ತು. ಮದುವಣಗಿತ್ತಿಯ ಸೀರೆ ಇಳಿಸಿದ ಮಗ್ಗಕ್ಕೆ, ಅವಳು ಮೊದಲ ಸಲ ತವರಿಗೆ ಮರಳಿ ಬರುವವರೆಗೆ ಬೇರೆ ಹಾಸು, ಎಂದರೆ ಹೊಸ ಸೀರೆಗೆ ಬೇಕಾದ ಉದ್ದನೆಯ ನೂಲು, ಏರಿಸುತ್ತಿರಲಿಲ್ಲ. ಅತ್ತೆ ಅಂದೇ ಆ ನಿಯಮವನ್ನು ಕಂಪ್ಯೂಟರಿಗೂ ಹಚ್ಚಿದಳು. ದಡಿ ಬರೆದ ಕಂಪ್ಯೂಟರಿಗೆ ಕುಂಕುಮ ಇಟ್ಟು, ಹಸಿರು ಬಟ್ಟೆ ಹೊದಿಸಿ, ಪ್ಲಗ್ಗನ್ನೂ ಕಿತ್ತುಹಾಕಿದಳು. "ಸುನಂದಾ ಬರೂತನ ಇದನ್ನ ಯಾರೂ ಮುಟ್ಟಂಗಿಲ್ಲ." ಇದ್ದದ್ದೇ ಮೂರು ಕಂಪ್ಯೂಟರು. ಉಳಿದ ಎರಡರ ಮುಂದೆ ಹುಡುಗಿಯರು ಒಬ್ಬರ ಮಡಿಲಲ್ಲಿ ಒಬ್ಬರು ಕೂಡುವಂತಾಯಿತು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ನಿಮ್ಮ ಮುಂದೆ ಹೇಳಬಾರದ ಮಾತುಗಳನ್ನು ಸಂಜೆ ಮನೆಗೆ ಮರಳುವ ಬಸ್ಸಿನಲ್ಲಿ ಜಮಖಂಡಿಯ ತನಕ ಗೊಣಗುತ್ತ ಬರುತ್ತಿದ್ದೆ.

ಸುನಂದಾ ಮರಳಿ ಬಂದ ದಿನ ಮನೆಯಲ್ಲಿ ಹೋಳಿಗೆ. ಅವಳು ಒಳಗೆ ಬಂದವಳೇ ನನ್ನನ್ನು ಪಡಸಾಲೆಗೆ ಕರೆದು, ಕಾಗದದ ಪೊಟ್ಟಣ ಬಿಚ್ಚಿ ಈ ಪೆನ್‌ಡ್ರೈವನ್ನು ನನ್ನ ಕೈಯಲ್ಲಿಟ್ಟಳು. ಅದು ಅಂಟಂಟಾಗಿತ್ತು.

"ಏನಾತ ಇದಕ್ಕ?"

"ಹುಗ್ಗಿ ಆತು," ಎಂದಳು.

ಆದದ್ದು ಇಷ್ಟು. ಮದುಮಗಳನ್ನು ಕಳಿಸುವಾಗ ಉಡಿ ತುಂಬುತ್ತಾರಲ್ಲ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಅಡಕೆ, ಉತ್ತತ್ತಿ. ತವರಿನಿಂದ ಕೊಡುವುದೇನಿದ್ದರೂ ಉಡಿಯಲ್ಲೇ ಕೊಡಬೇಕೆಂದು ಅತ್ತೆ ಪೆನ್‌ಡ್ರೈವನ್ನೂ ಅದರಲ್ಲೇ ಹಾಕಿದ್ದಳು. ಗದ್ದಲದಲ್ಲಿ ಮಗಳಿಗೆ ಹೇಳುವುದನ್ನು ಮರೆತಿದ್ದಳು. ಉಡಿಯ ಅಕ್ಕಿಯಲ್ಲಿ ಸಿಹಿ ಹುಗ್ಗಿ ಮಾಡಿ ಮನೆಮಂದಿಯೆಲ್ಲ ಉಣ್ಣುವುದು ಆ ಮನೆಯ ಪದ್ಧತಿ. ಸುನಂದಾಳ ಅತ್ತೆಗೆ ಕಣ್ಣು ಸ್ವಲ್ಪ ಮಂದ. ಕಂದು ಬಣ್ಣದ ಪೆನ್‌ಡ್ರೈವ್ ಅಕ್ಕಿಯಲ್ಲಿ ಉತ್ತತ್ತಿಯ ಜೊತೆ ಉತ್ತತ್ತಿಯಾಗಿ ಕೂತಿತ್ತು. ಬೀಗತಿ ಎಲ್ಲವನ್ನೂ ತೊಳೆದು ಬೆಲ್ಲ ಹಾಕಿ ಒಲೆಗೇರಿಸಿದರು. ಸೌಟಿಗೆ ಗಟ್ಟಿಯಾಗಿ ತಾಗಿದಾಗ, "ಈ ಉತ್ತತ್ತಿ ಇನ್ನೂ ಕುದ್ದಿಲ್ಲ," ಎಂದು ಇನ್ನಷ್ಟು ಬೆಂಕಿ ಹಾಕಿದರು. ಕೊನೆಗೆ ಅದು ಬಂದದ್ದು ಸುನಂದಾಳ ಮಾವನವರ ತಾಟಿಗೆ.

"ಕಡದ್ರಾ?" ಎಂದೆ.

"ಕಡದ್ರು," ಎಂದಳು ಸುನಂದಾ.

ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ಸುನಂದಾಳ ಕಣ್ಣಲ್ಲಿ ನಗು ನಿಂತ ಮೇಲೂ ನಿಲ್ಲಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಮಾವನೋರು ಏನೂ ಅಂದಿಲ್ಲ ಯವ್ವಾ," ಎಂದಳು ಸುನಂದಾ. "ಮಗ್ಗ ಹಂಗ ತಯಾರ ಇಟ್ಟಾರ. ಕಂಪ್ಯೂಟರ್‌ನ್ಯಾಗ ಐತೆಲ್ಲ, ತವರಿಗೆ ಹೋದಾಗ ತಗೊಂಡ ಬಾ ಅಂದಾರ."

ಅತ್ತೆ ನನ್ನ ಮುಖ ನೋಡಿದಳು, ನಾನು ಅತ್ತೆಯ ಮುಖ ನೋಡಿದೆ. ಕಟ್ ಮಾಡಿದ್ದು ನಮಗಿಬ್ಬರಿಗೇ ಗೊತ್ತಿತ್ತು. ಸೀರೆ ಕೌದಿಯಾಗಿತ್ತು. ಪೆನ್‌ಡ್ರೈವ್ ಹುಗ್ಗಿಯಾಗಿತ್ತು. ವಾದದಲ್ಲಿ ಯಾರಿಗೂ ಸೋಲದ ಹೆಂಗಸು ನೆಲಕ್ಕೆ ಕೂತು, "ಎಲ್ಲಾ ನಾನ ಮಾಡಿದೆ," ಎಂದಳು. ಕೇಳಿ ತಿಳಿದ ಮೇಲೆ ಸುನಂದಾ ತಾಯಿಯ ಪಕ್ಕ ಕೂತು, "ಇರ್ಲಿ ಬಿಡಬೇ, ಕಂಡಿಕಿ ಸುತ್ತೂದೇನ ಕೆಟ್ಟ ಕೆಲಸಲ್ಲ," ಎಂದಳು. ಅವಳು ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅಳತೊಡಗಿದಳು. ಅವಳು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಪಡಸಾಲೆಯ ಮೂಲೆಯ ಕಡೆ ನೋಡಿದೆ. ಅಲ್ಲಿ ಹಸಿರು ಬಟ್ಟೆ ಹೊದ್ದ ಕಂಪ್ಯೂಟರು ಕೂತಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲಿ, ಕೊನೆಯ ಪಾಠ ಹೇಳಿಬಿಡುತ್ತೇನೆ. ಒಂದು ಫೈಲನ್ನು ಅಳಿಸಿದಾಗ, ಇಲ್ಲವೇ ಕಟ್ ಮಾಡಿ ಬೇರೆ ಕಡೆ ಒಯ್ದಾಗ, ಹಾರ್ಡ್‌ಡಿಸ್ಕಿನಿಂದ ಅದು ಆಗಲೇ ಹೋಗುವುದಿಲ್ಲ. ಪುಸ್ತಕದ ಪರಿವಿಡಿಯಲ್ಲಿ ಒಂದು ಪಾಠದ ಹೆಸರು ಹೊಡೆದುಹಾಕಿದರೆ ಒಳಗಿನ ಹಾಳೆ ಎಲ್ಲಿ ಹೋಗುತ್ತದೆ? ಕಂಪ್ಯೂಟರೂ ಹೆಸರನ್ನಷ್ಟೇ ಹೊಡೆದುಹಾಕಿ, 'ಈ ಜಾಗ ಖಾಲಿ, ಬೇಕಾದವರು ಬರೆದುಕೊಳ್ಳಿ' ಎಂದು ಬಿಡುತ್ತದೆ. ಅದರ ಮೇಲೆ ಬೇರೆ ಏನಾದರೂ ಬರೆದಾಗಲೇ ಹಳೆಯದು ನಿಜವಾಗಿ ಸಾಯುವುದು. ಆ ಕಂಪ್ಯೂಟರಿನ ಮೇಲೆ ಹುಡುಗಿಯರು ಇಷ್ಟು ದಿನ ಗುಡಿಸಲು, ಗುಡ್ಡ, ಸೂರ್ಯ ಬರೆಯುತ್ತ ಕೂತಿದ್ದರೆ ಗಿಳಿಗಳ ಕತೆ ಮುಗಿದಿರುತ್ತಿತ್ತು. ಆದರೆ ಅತ್ತೆ ಯಾರನ್ನೂ ಮುಟ್ಟಗೊಟ್ಟಿರಲಿಲ್ಲ. ಕಳೆದದ್ದು ಅವಳ ಒಂದು ಪದ್ಧತಿ, ಕಾದದ್ದು ಇನ್ನೊಂದು.

"ಅತ್ತಿ, ಬಟ್ಟಿ ತಗೀಬ್ಯಾಡ್ರಿ, ಪ್ಲಗ್ ಹಚ್ಚಬ್ಯಾಡ್ರಿ, ಯಾರೂ ಹತ್ರ ಹೋಗಬ್ಯಾಡ್ರಿ!" ಎಂದು ನಾನು ಕೂಗಿದ ಕೂಗಿಗೆ ಒಳಗೆ ಮಾವ ಮಗ್ಗ ನಿಲ್ಲಿಸಿ ಹೊರಗೆ ಬಂದರು.

ಮರುದಿನ ಜಮಖಂಡಿಯ ಗೆಳತಿಯೊಬ್ಬಳ ರಿಪೇರಿ ಅಂಗಡಿಯಿಂದ ಕೇಬಲ್ಲನ್ನೂ, ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರಿನ ಸಿ.ಡಿ.ಯನ್ನೂ ತಂದೆ. ಆ ಹಾರ್ಡ್‌ಡಿಸ್ಕಿನ ಮೇಲೆ ಒಂದು ಚುಕ್ಕೆಯೂ ಬರೆಯಬಾರದೆಂದು ಅದನ್ನು ಬಿಚ್ಚಿ ಪಕ್ಕದ ಕಂಪ್ಯೂಟರಿಗೆ ಜೋಡಿಸಿದೆ, ಹುಡುಕಾಟ ಶುರು ಮಾಡಿದೆ. ಮಧ್ಯಾಹ್ನವೆಲ್ಲ ಅದು ಹುಡುಕಿತು. ಕರೆಂಟು ಹೋಗಬಾರದೆಂದು ಅತ್ತೆ ದೇವರ ಮುಂದೆ ದೀಪ ಹಚ್ಚಿದಳು. ಮಾವ ಅವಳಿಗಿಂತ ವ್ಯವಹಾರಸ್ಥರು, ಯು.ಪಿ.ಎಸ್. ತಂದಿಟ್ಟರು. ಒಂದೊಂದಾಗಿ ಹೆಸರಿಲ್ಲದ ಚಿತ್ರಗಳು ಎದ್ದು ಬರತೊಡಗಿದವು. ಗುಡಿಸಲು. ಗುಡ್ಡ. ಸೂರ್ಯ. ಮತ್ತೆ ಗುಡಿಸಲು. ಯಾರೋ ನನ್ನದೇ ಮುಖ ಬರೆದು ಬಾಯಿಯನ್ನು ಬಾವಿಯಷ್ಟು ದೊಡ್ಡದು ಮಾಡಿದ್ದ ಒಂದು ಚಿತ್ರ. ಅದು ಯಾರದೆಂದು ಸುನಂದಾ ಹೇಳಲಿಲ್ಲ, ನಕ್ಕಿದ್ದರಿಂದ ತಿಳಿಯಿತು.

ಆಮೇಲೆ ಒಂದು ಹಸಿರು ಬಾಲ. ಅಲ್ಲ, ಬಣ್ಣವೆಲ್ಲಿತ್ತು, ಕಪ್ಪು ಬಿಳಿ ಚೌಕಗಳು. ನಮ್ಮ ಕಣ್ಣಿಗೆ ಅದು ಹಸಿರಾಗಿಯೇ ಕಂಡಿತು. ಬಾಲ, ರೆಕ್ಕೆ, ಮಾವಿನಕಾಯಿ, ಕೊಕ್ಕು. ಸುನಂದಾ ಪರದೆಗೆ ಮೂಗು ತಾಗಿಸಿ ಕಣ್ಣು ಹುಡುಕಿದಳು.

"ಎದ್ದೈತಿ," ಎಂದಳು ಮೆಲ್ಲಗೆ.

"ಆ ಕಡೀದು?" ಅತ್ತೆ ಕೇಳಿದಳು.

"ಅದೂ ಎದ್ದೈತಿ ಬೇ."

ಉಳಿಸಲು ಹೊಸ ಹೆಸರು ಕೇಳಿತು. ಹೀಗೆ ಮರಳಿ ಬಂದ ಫೈಲುಗಳಿಗೆ ಹಳೆಯ ಹೆಸರು ಉಳಿದಿರುವುದಿಲ್ಲ. ನಾನು ಮೊದಲಿನಂತೆ 'ಗಿಣಿ' ಎಂದು ಬರೆಯಲು ಹೊರಟೆ. ಅತ್ತೆ ನನ್ನ ಕೈ ಹಿಡಿದಳು.

"ಎರಡ ಮಾಡು. ಕಾಪಿ. ಮಹಾಲಿಂಗಪುರಕ್ಕ ಒಯ್ಯೂದಕ್ಕ ಗಿಣಿ ಅಂತನ ಬರಿ. ಇಲ್ಲಿ ನನ್ನ ಕಡೆ ಉಳಿಯೂದಕ್ಕ ಸುನಂದಾ ಅಂತ ಬರಿ."

"ಕೊಟ್ಟ ಮ್ಯಾಲೆ ಇಟ್ಕೋಬಾರದು ಅಂತಿದ್ದೀ?"

"ಅಂತಿದ್ದೆ," ಎಂದಳು. ಈ ಜನ್ಮದಲ್ಲಿ ಅವಳು ಸೋತು ಒಪ್ಪಿಕೊಂಡ ವಾದ ಅದೊಂದೇ ಇರಬೇಕು. ಅಂದು ಸಂಜೆ ಮಗಳನ್ನು ಬಸ್ಸಿಗೆ ಹತ್ತಿಸುವಾಗ, "ಮುಟ್ಟಿದ ಮ್ಯಾಲೆ ಫೋನ್ ಮಾಡು. ನೀ ಮಾಡದಿದ್ರ ನಾನ ಮಾಡತೇನಿ," ಎಂದಳು.

ಮಹಾಲಿಂಗಪುರದ ಮಗ್ಗದಲ್ಲಿ ಗಿಣಿ ದಡಿ ಚೆನ್ನಾಗಿಯೇ ಮೂಡಿತು. ಸುನಂದಾ ಆ ಕಂಪ್ಯೂಟರಿನ ಮುಂದೆ ಕೂತವಳು ಇವತ್ತಿನವರೆಗೂ ಎದ್ದಿಲ್ಲ. ಯಂತ್ರ ಎರಡು ಸಲ ಬದಲಾಗಿದೆ, ಕುರ್ಚಿ ಅವಳದೇ. ಅವಳ ಮಾವನವರ ಒಂದು ದವಡೆ ಹಲ್ಲು ಮಾತ್ರ ಮೊದಲಿನಂತಾಗಲಿಲ್ಲ. ಬೀಗತಿ ಅಂದಿನಿಂದ ಉತ್ತತ್ತಿಯನ್ನು ಹಿಚುಕಿ ನೋಡದೆ ಒಲೆಗೆ ಹಾಕುವುದಿಲ್ಲವಂತೆ.

ಪೆನ್‌ಡ್ರೈವನ್ನು ಮತ್ತೆ ಖಾನೆಯಲ್ಲಿಟ್ಟು, ನಾನು ಬನಹಟ್ಟಿಗೇ ಫೋನ್ ಹಚ್ಚಿದೆ. ನನ್ನ ಫೋನ್ ತುಂಬಲು ದೊಡ್ಡ ಕಾರಣ ನೀಲವ್ವತ್ತೆಯೇ. ದಿನಾ ಬೆಳಿಗ್ಗೆ ಹೂವು, ದೀಪ, ನಂದಿಯ ಚಿತ್ರ ಕಳಿಸುತ್ತಾಳೆ.

"ಅತ್ತಿ, ನಿನ್ನ ಫೋಟೋದಿಂದ ನನ್ನ ಫೋನ್ ತುಂಬಿ ಹೋಗೇತಿ."

"ತುಂಬಿದ್ರ ಛಲೋ ಆತಲ್ಲ! ಉಡಿ ತುಂಬಿದ್ರ ಯಾರರ ಅಳತಾರೇನು?"

"ಮಂದಿ ಈಗ ಕ್ಲೌಡ್‌ನ್ಯಾಗ ಇಡತಾರ."

"ಅದೆಲ್ಲೈತಿ? ಮುಗಲಾಗ?"

"ಮುಗಲಾಗಲ್ಲ. ಯಾವುದೋ ಊರಾಗ ಯಾರದೋ ದೊಡ್ಡ ದೊಡ್ಡ ಕಂಪ್ಯೂಟರ್ ಇರತಾವು. ಅದರಾಗ ನಮಗೊಂದು ಮೂಲಿ ಕೊಡತಾರ. ಹೆಚ್ಚು ಬೇಕಂದ್ರ ಬಾಡಿಗಿ."

"ಮಂದಿ ಮನ್ಯಾಗ ನಮ್ಮ ಟ್ರಂಕು," ಎಂದು ಅರ್ಥ ಮಾಡಿಕೊಂಡಳು. ಅದು ಪೂರ್ತಿ ಸರಿಯಾಗಿಯೇ ಇತ್ತು.

ಮಾತು ಮುಗಿಸಿ ಅಳಿಸಲು ಕೂತೆ. ಜಾಣ ಫೋನು ತಾನೇ ಹುಡುಕಿಕೊಟ್ಟಿತು: ಒಂದೇ ಫೋಟೋ ಮೂರು ಸಲ ಇದೆ, ಎರಡನ್ನು ಅಳಿಸಲೇ? ಫೋಟೋದಲ್ಲಿ ಸುನಂದಾ. ಕೂದಲಲ್ಲಿ ಬೆಳ್ಳಿ ಎಳೆ, ಮೈಮೇಲೆ ಗಿಣಿ ದಡಿಯ ಸೀರೆ, ಮುಂದೆ ಕಂಪ್ಯೂಟರು. ಅತ್ತೆ ಒಂದೇ ಬೆಳಿಗ್ಗೆ ಮೂರು ಸಲ ಕಳಿಸಿದ್ದಳು. ವಯಸ್ಸಾಯಿತು, ಬೆರಳು ತಪ್ಪಿರಬೇಕೆಂದು ಮರುಕವೆನಿಸಿ ಮತ್ತೆ ಫೋನ್ ಮಾಡಿದೆ.

"ಅತ್ತಿ, ಸುನಂದಾನ ಫೋಟೋ ಮೂರ ಸಲ ಯಾಕ ಕಳಿಸೀದಿ? ಒಂದ ಸಾಲೂದಿಲ್ಲೇನು?"

"ಒಂದನ್ನ ಯಾರರ ಹುಗ್ಗಿ ಮಾಡಿದ್ರ?" ಎಂದಳು.

ನನ್ನ ಪಾಠಗಳ ವಿಡಿಯೊಗಳನ್ನೆಲ್ಲ ಅಳಿಸಿದೆ. ಫೋನಿನಲ್ಲಿ ಬೇಕಾದಷ್ಟು ಜಾಗವಾಯಿತು. ಸುನಂದಾ ಮೂರೂ ಕಡೆ ಹಾಗೆಯೇ ನಗುತ್ತಿದ್ದಾಳೆ.